ಮುಂದಿನ ಸೀಟು

ರೂವಿಯ ನಮ್ಮ ಹಳೇ ಕೊರೊಲಾದಲ್ಲಿ
ಮುಂದಿನ ಸೀಟು ಡಬಲ್ ಬಾಸಿನದು.
ಹಿಂದೆ, ಅದರ ಕುತ್ತಿಗೆಯ ಆಚೆ ಈಚೆ
ಅಮ್ಮ, ನಾನು, ಮೀನಿನ ಚೀಲ.
ಇಪ್ಪತ್ತೆರಡು ವರ್ಷ.

ವಾದ್ಯವೃಂದದ ಕೊನೇ ಸಾಲಲ್ಲಿ ಅಪ್ಪ
ಮೂವತ್ತು ಆವರ್ತ ಎಣಿಸಿ ಕಾದು
ನಾಲ್ಕು ಸ್ವರ ಎಳೆದು
ಮತ್ತೆ ಎಣಿಸುವವ.

ಮನೆಯಲ್ಲಿ ಲುಂಗಿ, ಪಾಠ:
"ಹೈಥಮ್, ಎಸಿಯ ಗುಂಯ್ ಕೇಳು,
ಅದಕ್ಕಿಂತ ಕೂದಲೆಳೆ ಮೇಲೆ."
ಫೀಸು ಕೇಳಲು ನಾಚಿಕೆ.
ಖರ್ಜೂರ ಬರುತ್ತಿತ್ತು ಡಬ್ಬಿಗಟ್ಟಲೆ.
"ಬಾಡಿಗೆಗೂ ಇದನ್ನೇ ಕೊಡಲೇ?" ಅಮ್ಮ.

ನಿವೃತ್ತಿಯ ಮರುದಿನ ಹೈಥಮನ ಪಿಕಪ್ ಏರಿತು
ವಾದ್ಯ, ಕಂಬಳಿ ಹೊದ್ದು.
ಹಗ್ಗವನ್ನು ಅಪ್ಪ ಮೂರು ಸಲ ಜಗ್ಗಿ ನೋಡಿದ.

ಆಮೇಲೆ ಮಲಗಿದ್ದ ಸೀಟನ್ನೆತ್ತಿ, ಧೂಳೊರೆಸಿ
"ಬಾ ಸೆವ್ರಿನ್" ಅಂದ.

ಅಮ್ಮ ಹಿಂದಿನ ಬಾಗಿಲು ತೆರೆದು
ಆಗಲೇ ಕೂತಾಗಿತ್ತು.