ಹುಡುಕುವುದಕ್ಕೇ ಒಂದು

ವಿಲೆನ್‌ಹಾಲ್. ಫೆಬ್ರವರಿ. ಬೀಗದ ಊರು.
ಹಾಡ್ಜೆಟ್ಸ್ ಗೋದಾಮಿನ ಚಹಾ ಕೋಣೆಯಿಂದ
ಕೆಟಲನ್ನು ಎಬ್ಬಿಸಿ
ಆ ಜಾಗದಲ್ಲಿ ಸರ್ವರ್ ಕೂರಿಸಿದೆ.
"ಇದೇನು ಮಾಡುತ್ತೆ?" ಅಂದಳು ಗ್ಲೆನಿಸ್ ಫೆರಡೇ,
ಕೆಟಲು ಬಗಲಲ್ಲಿ ಅವುಚಿಕೊಂಡು.
"ಹುಡುಕುತ್ತೆ."
"ಮತ್ತೆ?"
"ಅಷ್ಟೇ."
ನಲವತ್ತೊಂದು ವರ್ಷ ಈ ಕೌಂಟರಿನಲ್ಲಿ
ಅಷ್ಟನ್ನೇ ಮಾಡಿದವಳು ನೋಡಿದ ನೋಟಕ್ಕೆ
ಕೇಬಲಿನ ತುದಿ ಕಳೆದುಕೊಂಡವಳಂತೆ
ನಾನು ಮೇಜಿನಡಿ ತೂರಿದೆ.

ಈವರೆಗೆ ಎಲ್ಲಕ್ಕೂ ಒಂದೇ ಯಂತ್ರ:
ಬಿಲ್ಲು, ಬಾಕಿ, ಲಾರಿ, ಸಂಬಳ,
ಅದರ ಮೇಲೆ ಮೂರು ಲಕ್ಷದ ಹನ್ನೆರಡು ಸಾವಿರ ಬಿಡಿಭಾಗ.
ಮಂಗಳವಾರ ಹನ್ನೊಂದಕ್ಕೆ ಯಾರೋ ಹಿತ್ತಾಳೆ ಅಂದರೆ
ಮೊದಲ ಸಾಲಿನಿಂದ ಹೊರಟು
ಮನೆ ಮನೆಯ ಬಾಗಿಲು ತಟ್ಟುತ್ತ ತಟ್ಟುತ್ತ
ಅರ್ಧ ದಾರಿಯಲ್ಲಿ ಕೂತುಬಿಡುತ್ತಿತ್ತು.
ಲಾರಿ ಗೇಟಿನಲ್ಲೇ. ಬಿಲ್ಲು ಗಂಟಲಲ್ಲೇ.

ಹೊಸದಕ್ಕೆ ಬೇರೆ ಕೆಲಸ ಹೇಳಕೂಡದು
ಎಂದು ಯಜಮಾನರಿಂದ ಸಹಿ ಹಾಕಿಸಿಕೊಂಡೆ.
ಇದು ಕೇಳುವ ಮೊದಲೇ ಓದಿಟ್ಟುಕೊಳ್ಳುತ್ತದೆ,
ಯಾವ ಪದ ಎಲ್ಲೆಲ್ಲಿ ಇದೆ ಎಂದು;
ಮದುವೆಮನೆಯ ಹೊರಗೆ
ಯಾರ ಚಪ್ಪಲಿ ಎಲ್ಲಿ ಬಿಟ್ಟಿದೆ ಎಂದು
ಗುರುತಿಟ್ಟುಕೊಂಡು ಕೂತ ಪೋರನ ಹಾಗೆ.

ತೊಡಕಾದದ್ದು ಪದಗಳದ್ದೇ.
ಕ್ಯಾಟಲಾಗಿನಲ್ಲಿ ಒಂದು, ಗಿರಾಕಿಯ ಬಾಯಲ್ಲಿ ಒಂದು,
ಕಾಲುವೆ ದಾಟಿದರೆ ಇನ್ನೊಂದು.
ಸಮಾನಾರ್ಥದ ಕಡತ ಖಾಲಿ ಬಾಯಿ ತೆರೆದು ಕಾಯುತ್ತಿತ್ತು.
ಮೂರು ಸಂಜೆ ಅವಳು ಹೇಳಿದಳು, ನಾನು ಟೈಪಿಸಿದೆ:
ಸ್ನಿಬ್. ಸ್ನೆಕ್. ಹ್ಯಾಸ್ಪ್. ಕೀಪ್.
"ನಮ್ಮಲ್ಲೂ ಹೀಗೇ," ಅಂದೆ,
"ಚಿಲಕ ಅನ್ನು, ಅಗುಳಿ ಅನ್ನು, ಅಗಣಿ ಅನ್ನು,
ಕದ ಮುಚ್ಚಿದ ಮೇಲೆ ಎಲ್ಲಾ ಒಂದೇ."
"ಒಂದೇ ಅಲ್ಲ," ಅಂದಳು ಗ್ಲೆನಿಸ್,
ಕನ್ನಡದ ಒಂದಕ್ಷರ ಬಾರದವಳು.
ಹೌದಲ್ಲ. ಮೂರನ್ನೂ ಅಳಿಸಿ
ಮತ್ತೆ ಮೊದಲಿನಿಂದ ಕೇಳಿದೆ.

ರಾತ್ರಿಯಿಡೀ ಓದಿತು. ಎರಡೂವರೆಗೆ ಒಮ್ಮೆ ಕೆಮ್ಮಿ ನಿಂತಿತು:
ಯಾವುದೋ ಕಾಲದ ಯಾರೋ ಗುಮಾಸ್ತ
ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ ಬರೆದಿಟ್ಟಿದ್ದ.
ಅದನ್ನು ದಾಟಿಸಿ ಮಲಗಿದೆ, ಕುರ್ಚಿಯಲ್ಲೇ.

ಬೆಳಿಗ್ಗೆ ಅವಳದ್ದೇ ಪರೀಕ್ಷೆ. ಒಂದೇ ಬೆರಳು.
ಹಿತ್ತಾಳೆ: ಒಂಬತ್ತು ಸಾವಿರ, ರೆಪ್ಪೆ ಬೀಳುವಷ್ಟರಲ್ಲಿ.
ಮೂಗು ಮುರಿದಳು.
ಸ್ನೆಕ್: ಸಿಕ್ಕಿತು.
ತಪ್ಪು ಕಾಗುಣಿತದ ಸ್ನೆಕ್: ಅದೂ ಸಿಕ್ಕಿತು.
ಆಮೇಲೆ, ಸುಮ್ಮನೆ ಎಂಬಂತೆ, ತನ್ನದೇ ಮನೆತನದ ಹೆಸರು.

ಫೆರಡೇ ರಿಮ್ ಲಾಕ್. ಎಡಗೈ. ಎರಡು ಲಿವರ್.
ತಯಾರಿಕೆ ನಿಂತಿದೆ. ದಾಸ್ತಾನು: 1.

"ಅಪ್ಪನದು," ಅಂದಳು. "ಹಿತ್ತಲ ಷೆಡ್ಡು.
ವೈಸಿಗೆ ಬಾಗಿ ಬಾಗಿ ಬಲ ಹೆಗಲು ಗೂನಾಗಿತ್ತು."
ಎಲ್ಲಿದೆ ನೋಡೋಣ ಎಂದು ನಾನು ಕೆಳಗಿಳಿಯುವ ಮೊದಲೇ
"ಹದಿನಾಲ್ಕನೇ ಕಪಾಟು, ಮೇಲಿನ ಅಟ್ಟ,
ಕೀಲುಗಳ ಪೆಟ್ಟಿಗೆಯ ಹಿಂದೆ."
"ಗೊತ್ತಿತ್ತಾ?"
"ಬಚ್ಚಿಟ್ಟವಳೇ ನಾನು."

ಯಂತ್ರದ ಫ್ಯಾನು ತಿರುಗುತ್ತಿತ್ತು, ಏನೂ ಗೊತ್ತಿಲ್ಲದ ಹಾಗೆ.
ಒಂದು ಸಾಲು ಸೇರಿಸಿದರೆ ಸಾಕು,
ಯಾರು ಕೇಳಿದರೂ ಕಾಣದು, ಅಂದೆ.
ಯೋಚಿಸಿದಳು. ಕೆಟಲಿಗೆ ಹೊಸ ಜಾಗ ಸಿಕ್ಕಿತ್ತು,
ಕಿಟಕಿ ಕಟ್ಟೆ; ಅದು ಕೂಗಿ ನಿಂತಿತು.
"ಬೇಡ. ಕಾಣಲಿ. ಬೆಲೆ ಒಂಬತ್ತು ಸಾವಿರ ಪೌಂಡು ಮಾಡು."
ಮಾಡಿದೆ.

ವಾರ ಕಳೆದು ಲಾಗ್ ತೆರೆದು ನೋಡಿದರೆ
ದಿನವೂ ಎಂಟು ಐವತ್ತೈದಕ್ಕೆ, ಶಟರ್ ಏಳುವ ಮೊದಲು,
ಕೌಂಟರಿನಿಂದ ಅದೇ ಒಂದು ಹುಡುಕಾಟ.
ಉತ್ತರಕ್ಕೆ ನಾಲ್ಕು ಮಿಲಿಸೆಕೆಂಡು.

ಸರ್ವರ್ ನಿಂತು ಮತ್ತೆ ಎದ್ದಾಗ
ಮೈ ಬೆಚ್ಚಗೆ ಮಾಡಿಕೊಳ್ಳಲೆಂದು
ತನಗೆ ತಾನೇ ಕೇಳಿಕೊಳ್ಳುವ ಪ್ರಶ್ನೆಗಳ ಪಟ್ಟಿಯೊಂದಿರುತ್ತದೆ,
ಮೊದಲ ಗಿರಾಕಿ ಕಾಯಬಾರದಲ್ಲ.
ಅದರ ನೆತ್ತಿಯ ಮೇಲೆ ಆ ಹೆಸರು ಬರೆದೆ.
ಅವಳಿಗೆ ಹೇಳಿಲ್ಲ.