ಹೆಪ್ಪು

ಮೊದಲ ದಿನ ಗಾಜಿನ ತೊಟ್ಟಿಯಲ್ಲಿ
ಉಪ್ಪುನೀರು, ಮರಳು, ರಸೆಲ್ ಮಾರ್ಕೆಟ್ಟಿನಿಂದ ತಂದ
ಒಂದೇ ಒಂದು ಸತ್ತ ಸಿಗಡಿ.
"ಏನಮ್ಮ ಇದು, ಎಡೆಯಿಟ್ಟಿದ್ದೀಯ?" ಅಂದರು
ಕೆಳಮನೆಯ ಪುಟ್ಟತಾಯಮ್ಮ, ಮೂಗಿಗೆ ಸೆರಗು ಹಿಡಿದು.

ಕೊಳೆಯಲಿ, ಅಂದೆ.
ಕೊಳೆತದ್ದನ್ನು ಉಣ್ಣುವವರು ಬರಬೇಕು.
ಎಲ್ಲಿಂದ ಬರುತ್ತಾರೆ, ಯಾವ ಬಸ್ಸಿಗೆ?
ಮೂರು ಸಾವಿರ ಅಡಿ ಮೇಲಿನ ಊರು;
ಕಡಲು ಇಲ್ಲಿಗೆ ಬಂದದ್ದೇ ಬಕೆಟ್ಟಿನಲ್ಲಿ, ಪುಡಿಯಾಗಿ,
ಇಪ್ಪತ್ತು ಕೇಜಿ, ಮುಚ್ಚಳಕ್ಕೆ ಸೀಲು ಒತ್ತಿಸಿಕೊಂಡು.

ಹತ್ತನೇ ದಿನ ನಳಿಕೆಯಲ್ಲಿ ಕಡುಹಸಿರು. ಅಮೋನಿಯ.
ಹದಿನೆಂಟಕ್ಕೂ ಹಸಿರೇ.
ಮೀನಿಲ್ಲದ ನೀರಿಗೆ ಪಂಪು, ಹೀಟರು, ಕರೆಂಟು ಬಿಲ್ಲು.
ನೋಡಲು ಬಂದ ಮಕ್ಕಳು
ಗಾಜಿಗೆ ಹಣೆಯಿಟ್ಟು, ನನ್ನ ಮುಖ ನೋಡಿ,
ಟೀವಿ ಇದೆಯಾ ಅಂತ ಕೇಳಿದವು.

ಶಿವಾಜಿನಗರದ ಇರುದಯಂ, ಮೀನಿನಂಗಡಿಯವನು,
ತನ್ನ ಹಳೆಯ ತೊಟ್ಟಿಯ ತಳಕ್ಕೆ ಕೈ ಬಿಟ್ಟು
ತೂತು ತೂತಿನ ಕಲ್ಲೊಂದು ಎತ್ತಿದ,
ಒದ್ದೆ ಪೇಪರಿನಲ್ಲಿ ಸುತ್ತಿದ.
"ಆರೋಕೆ ಬಿಡಬೇಡಿ ಮೇಡಂ, ಜೀವ ಇದೆ."
ಎರಡು ಸಿಗ್ನಲ್ಲು ಹೆಚ್ಚೇ ನಿಂತ ಬಸ್ಸಿನಲ್ಲಿ
ಮಡಿಲಲ್ಲಿಟ್ಟುಕೊಂಡು ಕೂತೆ.
ಸೀರೆಯೆಲ್ಲ ಕಡಲಿನ ವಾಸನೆ.

ಕಲ್ಲು ಇಳಿಸುವುದನ್ನು ಕಂಡು ಪುಟ್ಟತಾಯಮ್ಮ
"ಓ, ಹೆಪ್ಪು!" ಅಂದರು. "ಮೊದಲೇ ಹೇಳಬಾರದಿತ್ತೇ."
ಅವರ ಮನೆಯ ಹೆಪ್ಪು ಕೊಳ್ಳೇಗಾಲದ್ದು.
ಮದುವೆಯ ವರ್ಷ ಡಬ್ಬಿಯಲ್ಲಿ ಬಂತು.
ಒಮ್ಮೆ ಕೆಟ್ಟು ನೂಲಾಯಿತು; ಆಗ
ತಾನು ಕೊಟ್ಟ ಮನೆಗೇ ಹೋಗಿ ಒಂದು ಚಮಚ ಕೇಳಿ ತಂದರು.

ಹೆಪ್ಪು ಹಾಲಿಗೆ ಬೆರೆಯುತ್ತದೆ. ಇವರು ಬೆರೆಯುವುದಿಲ್ಲ.
ಅಂಟುತ್ತಾರೆ:
ಕಲ್ಲಿಗೆ, ಮರಳಿನ ಕಾಳಿಗೆ, ಪೈಪಿನ ಒಳಗೋಡೆಗೆ,
ಲೋಳೆ ಹಾಸಿ, ಲೋಳೆ ಹೊದ್ದು.
ಅರ್ಧ ನೀರು ಚೆಲ್ಲಿದರೂ ಮನೆ ಬಿಡರು.
ಒಬ್ಬರು ಉಂಡು ಉಳಿಸಿದ ವಿಷ
ಇನ್ನೊಬ್ಬರ ಊಟ.
ಹಸಿರು ಇಳಿದು ನೇರಳೆ ಏರಿತು, ನೇರಳೆಯೂ
ಮೂವತ್ತೆಂಟನೇ ದಿನ ಇಳಿಯಿತು.

ಎರಡು ಕಿತ್ತಳೆ ಮೀನು ಬಿಟ್ಟೆ.
ಆಯುಧಪೂಜೆಗೆ ಎಲ್ಲ ತೊಳೆಯುವ ಉಮೇದಿನಲ್ಲಿ
ಫಿಲ್ಟರಿನ ಸ್ಪಂಜನ್ನೂ ನಲ್ಲಿಗೆ ಹಿಡಿದೆ,
ಕ್ಲೋರಿನ್ನು ಬೆರೆತ ಕಾವೇರಿಗೆ, ಪಳಪಳ ಅನ್ನುವಷ್ಟು.
ಮೂರನೇ ದಿನ ಒಂದು ಮೀನು ಮಗ್ಗುಲಾಗಿ ತೇಲಿತು.
ಇನ್ನೊಂದನ್ನು ಉಳಿಸಿದ್ದು
ನನ್ನ ಕೈ ಹೋಗದಿದ್ದ ಕಲ್ಲಿನ ಹೊಟ್ಟೆ.

ಆಮೇಲೆ ಆ ಮೇ ತಿಂಗಳ ಗಾಳಿ.
ಬೆಸ್ಕಾಂ ದೂರಿನ ಮೇಜಿನಲ್ಲಿ ನನ್ನದೇ ರಾತ್ರಿಪಾಳಿ.
ಮರ ಬಿದ್ದಿದೆ, ತಂತಿ ಹರಿದಿದೆ, ಯಾವ ಏರಿಯಾ ಸಾರ್?
ಹೇಳಿದರು. ನಮ್ಮ ಬೀದಿ.
"ಬೆಳಿಗ್ಗೆಯಾಗಬಹುದು" ಅಂತ ಬರೆದುಕೊಂಡೆ,
ಮುಂದಿನ ಕರೆ ಎತ್ತುವ ಮುಂಚೆ
ಪುಟ್ಟತಾಯಮ್ಮನ ನಂಬರು ಒತ್ತಿದೆ:
ನೀರು ಅಲ್ಲಾಡುತ್ತಿರಬೇಕು, ಅಷ್ಟೇ,
ಉಸಿರು ಸಾಲದೆ ಸತ್ತುಹೋಗ್ತಾರೆ.
"ಮೀನಾ?" ಮೀನೂ.

ಆರೂವರೆಗೆ ಬಂದರೆ ಕರೆಂಟಿತ್ತು. ಪಂಪು ಗೊಣಗುತ್ತಿತ್ತು.
ಕುರ್ಚಿಯಲ್ಲೇ ಅವರು, ಬಾಯಿ ತುಸು ತೆರೆದು ನಿದ್ದೆ.
ನೆಲದ ತುಂಬ ಉಪ್ಪಿನ ಬಿಳಿ ಚಿತ್ತಾರ,
ಮಡಿಲಲ್ಲಿ ಕೆಂಪು ಪ್ಲಾಸ್ಟಿಕ್ ಮಗ್ಗು.
"ಹಿತ್ತಾಳೆ ಬೇಡ ಅಂದಿದ್ದೆಯಲ್ಲ ಯಾವತ್ತೋ," ಕಣ್ಣು ಬಿಡದೆ ಅಂದರು,
"ಹೊಸದು ಇದು. ಸೋಪು ಮುಟ್ಟಿಲ್ಲ."
ನಳಿಕೆಗೆ ನೀರು ತುಂಬಿ ಐದು ಹನಿ ಬಿಟ್ಟು
ಕಿಟಕಿಯ ಬೆಳಕಿಗೆ ಹಿಡಿದೆ.
ಹಳದಿ.
ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ.