ಶುಕ್ರವಾರದ ಸೌಟು

ಹಮ್ರಿಯಾದ ಮೂರನೇ ಮಾಳಿಗೆಯಲ್ಲಿ
ಒಂಬತ್ತು ಮಂಚ, ಒಂದು ಎ.ಸಿ., ಒಂದು ಒಲೆ.
ಕಿಟಕಿ ತೆರೆದರೆ ರೂವಿಯ ಬೋಳುಗುಡ್ಡ,
ಹಗಲೆಲ್ಲ ಬಿಸಿಲು ಕುಡಿದು
ರಾತ್ರಿಯಿಡೀ ನಮ್ಮ ಮೇಲೆ ಉಸಿರು ಬಿಡುತ್ತದೆ.

ಮೆಸ್ಸಿನ ಲೆಕ್ಕ ನನ್ನದು.
ರಿಯಾಲು, ಬೈಸೆ, ಯಾರು ಎಷ್ಟು ಮೊಟ್ಟೆ ತಿಂದರು,
ಎಲ್ಲ ನೀಲಿ ಡೈರಿಯಲ್ಲಿದೆ.
ಒಂದನ್ನು ಮಾತ್ರ ಅಲ್ಲಿ ಬರೆದಿಲ್ಲ.

ಜುಮ್ಮಾ ಮುಗಿಸಿ ನಾನು ಬಂದ ಮೇಲೆ
ಎಲ್ಲರಿಗೂ ಒಂದೇ ಅಡುಗೆ, ಕೈ ಎತ್ತಿ ತೀರ್ಮಾನ.
ಮೆಂಡನ್, ಲ್ಯಾನ್ಸಿ, ನಾನು ಕಡಲಿನವರು:
ಮೀನು, ತಪ್ಪಿದರೆ ಕೋಳಿ, ರೊಟ್ಟಿ ಗತಿಯಿಲ್ಲದಾಗ.
ಯಮನೂರಪ್ಪನ ಕಡೆಯ ಮೂವರಿಗೆ ರೊಟ್ಟಿ, ಜುಣಕ.
ಇಲ್ಲದಿದ್ದರೆ ಮೀನಾದರೂ ಆದೀತು,
ಫ್ರೀಜರಿನ ಕೋಳಿ ಅವರ ಹಲ್ಲಿಗೆ ರಬ್ಬರು.
ಕೋಲಾರದ ಮೂವರಿಗೆ ಕೋಳಿ, ಆಮೇಲೆ ರೊಟ್ಟಿ.
ಮೀನು ಹುರಿದರೆ ತಟ್ಟೆ ಹಿಡಿದು ಬಾಲ್ಕನಿಗೆ ಹೋಗುವವರು.

ಒಂದು ರಾತ್ರಿ ನಿದ್ದೆ ಬಾರದೆ ಎಣಿಸಿದೆ.
ಮೀನು ಕೋಳಿಯನ್ನು ಸೋಲಿಸುತ್ತದೆ, ಆರಕ್ಕೆ ಮೂರು.
ಕೋಳಿ ರೊಟ್ಟಿಯನ್ನು, ಆರಕ್ಕೆ ಮೂರು.
ರೊಟ್ಟಿಯ ಕತೆ ಮುಗಿಯಿತು ಅನ್ನುವಾಗ
ಅದು ಎದ್ದು ಬಂದು ಮೀನನ್ನು ಸೋಲಿಸುತ್ತದೆ!
ಅದೂ ಆರಕ್ಕೆ ಮೂರು.
ಯಾರೂ ಸುಳ್ಳು ಹೇಳುತ್ತಿಲ್ಲ, ಯಾರಿಗೂ ತಲೆ ಕೆಟ್ಟಿಲ್ಲ,
ಒಬ್ಬೊಬ್ಬನಿಗೂ ತನ್ನ ನಾಲಿಗೆ ಗೊತ್ತು.
ಒಂಬತ್ತು ನಾಲಿಗೆ ಸೇರಿದ ಕೂಡಲೇ
ಕೋಣೆಗೆ ಏನು ಬೇಕೆಂದು ಕೋಣೆಗೇ ಗೊತ್ತಿಲ್ಲ.

ಅಂದರೆ ಗೆಲ್ಲುವುದು ಮೀನಲ್ಲ, ಕೋಳಿಯಲ್ಲ,
ಪ್ರಶ್ನೆ ಕೇಳುವವನು.
'ಕೋಳಿಯೋ ರೊಟ್ಟಿಯೋ' ಎಂದು ಮೊದಲು ಕೇಳು.
ಗೆದ್ದು ಬೀಗುವ ಕೋಳಿಯ ಮುಂದೆ
ಮೆಲ್ಲಗೆ ಮೀನನ್ನು ತಂದಿಡು.
ಬೇಕಾದ್ದನ್ನು ಕೊನೆಗೆ ಇಟ್ಟುಕೊಳ್ಳುವುದು, ಅಷ್ಟೇ.
ಹನ್ನೊಂದು ಶುಕ್ರವಾರ ಮತ್ರಾದ ಅಂಜಲು
ನಮ್ಮ ಬಾಣಲೆಗೆ ಬಿತ್ತು.
ಸೌಟು ಎತ್ತಿ ನಾನು ಹೇಳುತ್ತಿದ್ದೆ:
'ಎಂಥ ಮಾಡುವುದು ಮಾರಾಯ್ರೆ, ಮೆಜಾರಿಟಿ.'

ಹನ್ನೆರಡನೆಯದು.
ಕೋಲಾರದವರಲ್ಲಿ ಕಿರಿಯವ ಮುನಿಚೌಡ,
ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುವ ಕೆಲಸ.
'ಕೋಳಿ' ಅಂದೆ. ಕೈ ತೊಡೆಯ ಮೇಲೇ ಇತ್ತು.
'ರೊಟ್ಟಿ' ಅಂದೆ. ಎತ್ತಿದ.
ಆ ಕೈ ನೋಡಿ ಎರಡು ಟನ್ನಿನ ಕಂಬ ಏಳುತ್ತದೆ,
ಪಕ್ಕದ ಇಬ್ಬರು ಏಳುವುದೇನು ದೊಡ್ಡದು.
ತನ್ನ ಕೋಳಿಯನ್ನು ತಾನೇ ಕೊಯ್ದು
ಹುಡುಗ ನನ್ನ ಮೀನಿನ ದಾರಿ ಕಟ್ಟಿದ್ದ.
ಏನೂ ತಿಳಿಯದ ಯಮನೂರಪ್ಪ ಹಿಟ್ಟು ನಾದಿದ.
ರೊಟ್ಟಿ ಬಡಿಯುವ ಸದ್ದಿಗೆ
ಕೆಳಗಿನ ಮಲಯಾಳಿ ಟೈಲರ್ ಮೆಟ್ಟಿಲು ಹತ್ತಿ ಬಂದ.

ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತ.
'ಇಸುಬಣ್ಣಾ, ಎ.ಸಿ. ಕೆಳ್ಗಿನ ಮಂಚ ನಂಗೆ ಕೊಟ್ಬುಡಿ.
ತಿಂಗ್ಳಿಗೆ ಎರಡು ಶುಕ್ರವಾರ
ನಾಲ್ಗೆ ಹೇಳ್ದಂಗೆ ಕೈ ಎತ್ತೀನಿ.'
'ಮೂರು' ಅಂದೆ.
ಅವನು ನಲ್ಲಿ ನಿಲ್ಲಿಸಿ ಸುಮ್ಮನಾದ.
ಇಪ್ಪತ್ತಮೂರರ ಮೈ, ಇನ್ನೊಂದು ಬೇಸಿಗೆ ತಡೆದೀತು.
ನಾನು ಬರುವ ವಾರದ ಮೀನಿಗೇ ತಡೆಯದವನು.
ಕಾಯಬಲ್ಲವನ ಮುಂದೆ ಚೌಕಾಸಿ ಎಂಥದು?
ರಾತ್ರಿಯೇ ದಿಂಬು ಎತ್ತಿಕೊಟ್ಟೆ.

ಊರಲ್ಲಿ ಓಟಿನ ದಿನ ಹೆಂಡತಿ
ಶಾಯಿ ಹಚ್ಚಿದ ಬೆರಳಿನ ಫೋಟೋ ಕಳಿಸಿದಳು.
ನನ್ನ ಗುರುತಿನ ಚೀಟಿ ಅವಳ ಕಪಾಟಿನಲ್ಲಿ,
ಸೀರೆಗಳ ಅಡಿಯಲ್ಲಿ, ಹದಿನಾರು ವರ್ಷ.
ಅದರಲ್ಲಿರುವವನಿಗೆ ಇನ್ನೂ ಮೀಸೆ ಕಪ್ಪು.

ಶನಿವಾರ ಫೋರ್‌ಮನ್ ಬಂದ. ಪಾಳಿ ಬದಲು.
ಹೇಳಿದ, ಕೇಳಲಿಲ್ಲ.
ತಲೆಯಾಡಿಸಿದೆವು,
ಒಂಬತ್ತಕ್ಕೆ ಸೊನ್ನೆ.

ಬಾಗಿಲ ಬಳಿಯ ಹೊಸ ಮಂಚದಲ್ಲಿ ಬೆವರುತ್ತಾ
ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ನೋಡುತ್ತೇನೆ.
ಗುಡ್ಡ ಉಸಿರು ಬಿಡುತ್ತಿದೆ.
ಎ.ಸಿ. ಕೆಳಗೆ ಹುಡುಗ
ನಿದ್ದೆಯಲ್ಲೇ ಒಂದು ಕೈ ಎತ್ತಿದ್ದಾನೆ,
ಯಾವುದಕ್ಕೋ.